ಓದುವ ದನಿ ನಿಂತ ಮೇಲೆ

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಕೋಲಾರದ ಕಾಲೇಜೊಂದರಲ್ಲಿ ನಾನು ಕಂಪ್ಯೂಟರ್ ಪಾಠ ಹೇಳುತ್ತಿದ್ದೆ. ಭಾನುವಾರ ನಾವು ಕೆಲವರು ಸೇರಿ, ಕನ್ನಡಕ್ಕೆ ಬೇಕಾದ ಮುಕ್ತ ತಂತ್ರಾಂಶಗಳನ್ನು ಸಿ.ಡಿ.ಗೆ ಹಾಕಿ ಹಂಚುತ್ತಿದ್ದೆವು. ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು. ಹಾಗಲ್ಲದ್ದನ್ನು ಸೇರಿಸುತ್ತಿರಲಿಲ್ಲ.

ಶ್ರೀನಿವಾಸಪುರದ ಗೆಳೆಯ ಒಮ್ಮೆ, ಕನ್ನಡ ಪುಟವನ್ನು ಗಟ್ಟಿಯಾಗಿ ಓದಿ ಹೇಳುವ ಪ್ರೋಗ್ರಾಂ ಬರೆದು ತಂದ. ಆದರೆ ಆ ದನಿ ನಮ್ಮ ಕಂಪ್ಯೂಟರಿನಲ್ಲಿ ಹುಟ್ಟುತ್ತಿರಲಿಲ್ಲ. ಪುಟ ಇಂಟರ್ನೆಟ್ಟಿನಲ್ಲಿ ಎಲ್ಲೋ ಇದ್ದ ಕಂಪನಿಯೊಂದರ ಸರ್ವರ್ ಕಂಪ್ಯೂಟರಿಗೆ ಹೋಗಿ, ದನಿಯಾಗಿ ಮರಳುತ್ತಿತ್ತು.

"ನಾಳೆ ಅವರು ನಿಲ್ಲಿಸಿದ್ರೆ ಏನ್ ಮಾಡ್ತೀಯಾ?" ಎಂದೆ.

"ನಾನ್ ಬರೆದಿದ್ದೆಲ್ಲಾ ಮುಕ್ತವೇ ಅಲ್ವೇನೋ? ಪೋನೀಲೇ, ಹೋಗ್ಲಿ ಬಿಡು, ನಾಳೆದು ನಾಳೆ ನೋಡಿದ್ರಾಯ್ತು" ಎಂದ ಅವನು. ಅದನ್ನು ಸಿ.ಡಿ.ಗೆ ಸೇರಿಸಲು ಎಲ್ಲರೂ ಒಪ್ಪಿದರು, ನನ್ನೊಬ್ಬನನ್ನು ಬಿಟ್ಟು.

ಮುಳಬಾಗಿಲಿನಲ್ಲಿ ನನ್ನ ಸೋದರತ್ತೆ ಇದ್ದರು. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವರು. ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಗಿತ್ತು. ಗೆಳೆಯನೇ ಹೋಗಿ ಅವರ ಮನೆಯಲ್ಲಿ ಆ ಪ್ರೋಗ್ರಾಂ ಹಾಕಿಕೊಟ್ಟ. ಅಲ್ಲಿಂದಾಚೆಗೆ ಅತ್ತೆ ದಿನದ ಸುದ್ದಿಗಳ ಮೇಲೆ ನನ್ನೊಡನೆ ಜಗಳ ತೆಗೆಯತೊಡಗಿದರು. "ಅದಕ್ಕೆ ಮಹಾಪ್ರಾಣ ಹೇಳಕ್ಕೆ ಬರಲ್ಲ ಕಣೋ" ಎಂದು ಆ ದನಿಯನ್ನೂ ತಿದ್ದುತ್ತಿದ್ದರು. ಅವರು ಅಷ್ಟು ಗೆಲುವಾಗಿದ್ದದ್ದನ್ನು ನಾನು ನೋಡಿ ಬಹಳ ಕಾಲವಾಗಿತ್ತು. ನನ್ನ ಅನುಮಾನವೇ ತಪ್ಪಿರಬೇಕು ಅಂದುಕೊಂಡೆ.

ಮರುವರ್ಷ, ಬಳಸುವವರು ಸಾಲದೆಂದು ಕಂಪನಿ ಕನ್ನಡವನ್ನು ಕೈಬಿಟ್ಟಿತು. ಅತ್ತೆ ಫೋನ್ ಮಾಡಿ, "ನಾನೇನಾದ್ರೂ ತಪ್ಪು ಒತ್ತಿಬಿಟ್ನೇನೋ?" ಎಂದು ಕೇಳಿದರು.

ಗೆಳೆಯನನ್ನು ಕರೆದುಕೊಂಡು ಹೋದೆ. ಮಧ್ಯಾಹ್ನವೆಲ್ಲ ಅವನು ಪರದೆಯ ಮುಂದೆ ಕೂತಿದ್ದ. ಅವನು ಬರೆದ ಒಂದೊಂದು ಸಾಲೂ ಅಲ್ಲೇ ಇತ್ತು. ಯಾರು ಬೇಕಾದರೂ ತಿದ್ದಬಹುದಿತ್ತು, ಆದರೆ ನಿಂತುಹೋದದ್ದು ಆ ಸಾಲುಗಳಲ್ಲಿರಲಿಲ್ಲ, ಕಂಪನಿಯ ಸರ್ವರಿನಲ್ಲಿತ್ತು.

"ಹಾಕ್ಕೊಟ್ಟಾಗ ಇದು ನಮ್ಮದೇ, ಯಾರೂ ಕಿತ್ಕೊಳಕ್ಕಾಗಲ್ಲ ಅಂದಿದ್ರಲ್ಲಪ್ಪಾ" ಎಂದರು ಅತ್ತೆ. ಅವನು ಮತ್ತೆ ಮೊದಲ ಸಾಲಿನಿಂದ ನೋಡತೊಡಗಿದ.

ಮುಂದಿನ ಭಾನುವಾರ, ಅದನ್ನು ಸಿ.ಡಿ.ಯಿಂದ ತೆಗೆಯೋಣ ಎಂದೆ. "ಪ್ರೋಗ್ರಾಂ ಸರಿಯಾಗೇ ಇದೆಯಲ್ಲಾ, ಸರ್ವರ್ ಇಲ್ಲ ಅಷ್ಟೇ" ಎಂದನೊಬ್ಬ. ಗೆಳೆಯನೂ ಹೂಂಗುಟ್ಟಿದ. ನಾನು ಮತ್ತೆ ಆ ಭಾನುವಾರದ ಗುಂಪಿನ ಕಡೆ ಹೋಗಲಿಲ್ಲ.

ಮುಂದಿನ ಸಲ ಮುಳಬಾಗಿಲಿಗೆ ಹೋದಾಗ ಅತ್ತೆಯ ಪಕ್ಕದಲ್ಲಿ ಕೂತು, ಸುದ್ದಿ ನಾನೇ ಓದಲೇ ಎಂದು ಕೇಳಿದೆ.

"ಬೇಡ ಬಿಡು" ಎಂದರು. "ನಿನ್ ಬಸ್ಸಿಗೆ ಹೊತ್ತಾಯ್ತು."