ಓಬಳೇಶ ಎನ್ನದ ಹಾಡು

ಇದು 2023ರ ಮಾತು. ದೂರಸಂಪರ್ಕ ಎಂಜಿನಿಯರ್ ಕೆಲಸದಿಂದ ಸ್ವಯಂ ನಿವೃತ್ತಿ ಪಡೆದು ನಾನು ಹರಪನಹಳ್ಳಿಗೆ ಮರಳಿ ಮೂರು ವರ್ಷವಾಗಿತ್ತು. ಸಂಜೆ ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ, ಹಗಲೆಲ್ಲ ಕಂಪ್ಯೂಟರ್. ದಾವಣಗೆರೆಯ ಇಬ್ಬರು ಗೆಳೆಯರೊಂದಿಗೆ ಸೇರಿ ಹಾಡುಗಾರರಿಗಾಗಿ ಒಂದು ಬ್ಲಾಕ್‌ಚೈನ್ ತಂತ್ರಾಂಶ ಕಟ್ಟುತ್ತಿದ್ದೆ.

ಬ್ಲಾಕ್‌ಚೈನ್ ಎಂದರೆ ಗಾಬರಿಯಾಗಬೇಕಿಲ್ಲ. ಅದೊಂದು ದಾಖಲೆ ಪುಸ್ತಕ. ಅದರ ಪ್ರತಿಗಳು ನೂರಾರು ಕಂಪ್ಯೂಟರುಗಳಲ್ಲಿ ಇರುವುದರಿಂದ ಒಮ್ಮೆ ಬರೆದದ್ದನ್ನು ಯಾರೂ ಅಳಿಸಲಾರರು. ನಮ್ಮ ಕಡೆ ಪದ ಎಂದು ಕರೆಯುವ ಹಾಡುಗಳನ್ನು ಯಾರೋ ಮೊಬೈಲಿನಲ್ಲಿ ಹಿಡಿದು ತಮ್ಮ ಹೆಸರು ಹಚ್ಚಿ ಬಿಡುತ್ತಿದ್ದರು, ಕಟ್ಟಿದವರ ಬಳಿ ಯಾವ ಪುರಾವೆಯೂ ಇರುತ್ತಿರಲಿಲ್ಲ. ನಮ್ಮಲ್ಲಿ ಹಾಡಿ ನೋಂದಾಯಿಸಿದರೆ ಹೆಸರು, ದಿನಾಂಕ, ಧ್ವನಿ ಮೂರೂ ಶಾಶ್ವತ. ಒಂದೇ ಹಾಡಿಗೆ ಇಬ್ಬರು ಬಂದರೆ ಪರಿಶೀಲಕ ಕೇಳಿ ನೋಡಿ ಮೂಲ, ರೂಪಾಂತರ, ನಕಲು ಎಂಬ ಮೂರರಲ್ಲಿ ಒಂದು ಗುಂಡಿ ಒತ್ತಬೇಕು. ಆ ಪರಿಶೀಲಕ ನಾನೇ.

ಆ ಕೆಲಸ ನನಗೆ ಹೇಳಿ ಮಾಡಿಸಿದಂತಿತ್ತು. ಸರ್ವಿಸ್ ಪೂರ್ತಿ ಸತ್ತ ಲೈನಿನಲ್ಲಿ ದೋಷ ಹುಡುಕಿದವನು ನಾನು. ಯಾರ ಮಾತನ್ನೂ ನಂಬದಿರುವುದೇ ಆ ಕೆಲಸದ ಮೊದಲ ಪಾಠ. ಕನ್ನಡಿ ನೋಡಿದರೂ ಇದ್ಯಾರು ಎಂದು ಗುರುತಿನ ಚೀಟಿ ಕೇಳುವವರು ನೀವು ಎಂದು ಹೆಂಡತಿ ಛೇಡಿಸುತ್ತಿದ್ದಳು. ನನಗೆ ಅದು ಹೊಗಳಿಕೆಯಂತೆಯೇ ಕೇಳುತ್ತಿತ್ತು.

ಮೇ ತಿಂಗಳಲ್ಲಿ ಕೊಟ್ಟೂರಿನ ಚನ್ನವೀರಪ್ಪ ಒಂದು ಪದ ನೋಂದಾಯಿಸಿದರು. ಬಟ್ಟೆ ಅಂಗಡಿಯವರು, ಒಳ್ಳೆಯ ಕಂಠ, ದುಂಡನೆಯ ಅಕ್ಷರದ ನೋಟ್‌ಬುಕ್ಕು. ಎರಡು ತಿಂಗಳ ಮೇಲೆ ಅದೇ ಪದ, ಅದೇ ಮಟ್ಟು, ಗುಡೇಕೋಟೆಯ ತಿಪ್ಪಮ್ಮನ ಹೆಸರಿನಲ್ಲಿ ಬಂತು. ಆಕೆ ಕೂಡ್ಲಿಗಿಯ ಹಾಸ್ಟೆಲೊಂದರಲ್ಲಿ ಅಡುಗೆ ಮಾಡುತ್ತಿದ್ದವರು, ಅರವತ್ತರ ಆಸುಪಾಸು. ಎರಡಕ್ಕೂ ಇದ್ದ ವ್ಯತ್ಯಾಸ ಒಂದೇ. ಚನ್ನವೀರಪ್ಪನವರ ಕೊನೆಯ ಸಾಲು 'ಓಬಳೇಶ ನಿಂತಾನ ನೆರಳಾಗಿ' ಎಂದಿತ್ತು. ತಿಪ್ಪಮ್ಮ ದೇವರ ಹೆಸರಿನ ಜಾಗದಲ್ಲಿ 'ಒಡಿಯ' ಎಂದು ಹಾಡಿದ್ದರು.

ನನ್ನ ಕಿವಿ ನೆಟ್ಟಗಾಯಿತು. ಪದದ ಕೊನೆಗೆ ಬರುವ ದೇವರ ಹೆಸರು ಅಂಕಿತ. ಅದು ಕಟ್ಟಿದವರ ಗುರುತು. ಕದ್ದವರು ಮೊದಲು ಅಳಿಸುವುದೇ ಅದನ್ನು. ಕೂಡ್ಲಿಗಿಯಲ್ಲಿ ಜೆರಾಕ್ಸ್ ಅಂಗಡಿಯ ಮೇಲಿದ್ದ ನಮ್ಮ ಕೋಣೆಗೆ ತಿಪ್ಪಮ್ಮನನ್ನು ಕರೆಸಿದೆ. ಗಂಡ ಜೊತೆಗೆ ಬಂದಿದ್ದರು. ಅವರು ಕೆಳಗೆ ಬೆಂಚಿನ ಮೇಲೆಯೇ ಕೂತರು.

"ಈ ಪದ ಯಾರದಮ್ಮ?"

"ನಂದ್ರಿ ಸರ. ಹೊಲದಾಗ ಕಳೆ ತೆಗಿಯೋವಾಗ ಕಟ್ಟಿದ್ದು."

"ಎಲ್ಲಾದ್ರೂ ಬರೆದಿಟ್ಟಿದ್ದೀರಾ?"

"ನನಗ ಬರಿಯಾಕ ಎಲ್ಲಿ ಬರ್ತೈತ್ರಿ?"

ಕೊನೆಯ ಸಾಲನ್ನು ಓಬಳೇಶ ಎಂದು ಸೇರಿಸಿ ಹಾಡಿ ತೋರಿಸಿ ಎಂದೆ. ಆಕೆ ಸೆರಗು ಎಳೆದುಕೊಂಡು ನೆಲ ನೋಡಿದರು.

"ಅದನ್ನ ನಾನು ಹಾಡಂಗಿಲ್ರಿ."

"ಯಾಕೆ?"

"ಹಾಡಂಗಿಲ್ಲ, ಅಷ್ಟ."

ನನಗೆ ಅಷ್ಟೇ ಸಾಕಾಗಿತ್ತು. ಕಣ್ಣು ತಪ್ಪಿಸುತ್ತಾರೆ, ಕಾರಣ ಹೇಳುವುದಿಲ್ಲ, ಪುರಾವೆಯಿಲ್ಲ. ಆ ಕಡೆ ನೋಟ್‌ಬುಕ್ಕು ಇದೆ, ಹಿಂದಿನ ದಿನಾಂಕ ಇದೆ. ಚನ್ನವೀರಪ್ಪನವರನ್ನು ಒಂದು ಪ್ರಶ್ನೆಯನ್ನೂ ಕೇಳದೆ, ಆಕೆ ಮೆಟ್ಟಿಲಿಳಿದು ಹೋದ ಹತ್ತೇ ನಿಮಿಷಕ್ಕೆ 'ನಕಲು' ಗುಂಡಿ ಒತ್ತಿದೆ. ಕಳ್ಳತನ ಹಿಡಿದೆನೆಂಬ ಖುಷಿಯಲ್ಲಿ ಅವತ್ತು ಎರಡು ಪ್ಲೇಟು ಮಿರ್ಚಿ ತಿಂದದ್ದೂ ನೆನಪಿದೆ.

ನಮ್ಮ ದಾಖಲೆಯನ್ನು ಮೊಬೈಲಿನಲ್ಲಿ ಯಾರು ಬೇಕಾದರೂ ತೆರೆದು ನೋಡಬಹುದು. ಗುಡೇಕೋಟೆಯಲ್ಲಿ ಯಾರೋ ನೋಡಿದರು, ನೋಡಿದವರು ಹತ್ತು ಜನಕ್ಕೆ ತೋರಿಸಿದರು. ಮೂರು ತಿಂಗಳ ಮೇಲೆ ತಿಪ್ಪಮ್ಮನ ಫೋನ್ ಬಂತು.

"ಸರ, ಊರಾಗ ನಾಕು ಮನಿ ಮದಿವಿ ಆದ್ವು. ಅರಿಷಿಣ ಹಚ್ಚೋವಾಗ ಮುಂದ ಕುಂತು ಹಾಡಾಕಿ ನಾನ. ಈ ಸಲ ಒಬ್ರೂ ಕರೀಲಿಲ್ಲ. ನನ್ನ ಪದಾನ ನಾನ ಕದ್ದೀನಂತ! ಅದನ್ನ ತೆಗೀರಿ."

"ತೆಗೆಯೋಕೆ ಬರಲ್ಲಮ್ಮ. ಒಮ್ಮೆ ಬರೆದರೆ ಮುಗೀತು."

"ಅಳಸಾಕ ಬರಂಗಿಲ್ಲ ಅಂದ್ರ, ಬರಿಯೋಕಿಂತ ಮುಂಚೆ ನೆಟ್ಟಗ ಕೇಳಬೇಕಿತ್ತಲ್ರಿ?"

ಇದೂ ನಾಟಕವೇ ಇರಬಹುದು ಎಂದುಕೊಂಡೆ. ಆದರೂ ತಕರಾರು ಬಂದರೆ ಸ್ಥಳಕ್ಕೆ ಹೋಗಬೇಕೆಂದು ನಿಯಮ ಬರೆದವನೂ ನಾನೇ ಆಗಿದ್ದರಿಂದ ಆ ವಾರವೇ ಹೊರಟೆ.

ತಿಪ್ಪಮ್ಮನ ಮನೆಯ ಕಟ್ಟೆಯ ಮೇಲೆ ಅವರ ಗಂಡ ಕೂತಿದ್ದರು. ನಾನು ಕಾಗದ ತೆಗೆಯುವಷ್ಟರಲ್ಲಿ ಬೀದಿಯಿಂದ ಯಾರೋ ಕೂಗಿದರು: "ಓಬಳೇಶಣ್ಣ, ಟ್ರ್ಯಾಕ್ಟರ್ ಬಂತು ನೋಡು!" ಅವರು ಟವೆಲ್ ಕೊಡವಿ ಎದ್ದರು. ಒಳಗಿನಿಂದ ತಿಪ್ಪಮ್ಮ, "ಏನ್ರೀ, ನೀರು ಕುಡದು ಹೋಗ್ರಿ" ಎಂದರು.

ನನ್ನ ಕೈ ನಿಂತಿತು. "ಯಜಮಾನರ ಹೆಸರು..." ಎಂದೆ. ತಿಪ್ಪಮ್ಮ ಮುಖ ತಿರುಗಿಸಿದರು. ಪಕ್ಕದ ಮನೆಯಾಕೆ ಗೊಳ್ಳನೆ ನಕ್ಕಳು. "ಗಂಡನ ಹೆಸರು ಆಕಿ ಹೆಂಗ ಹೇಳ್ತಾಳ್ರೀ? ನಾನ ಹೇಳ್ತೀನಿ ತಗೋರ್ರಿ. ಓಬಳೇಶ."

ನನ್ನ ತಾಯಿಯೂ ಸಾಯುವವರೆಗೆ ನನ್ನ ಅಪ್ಪನ ಹೆಸರು ಹೇಳಿದವಳಲ್ಲ. ಭಜನೆಯಲ್ಲಿ ಆ ಹೆಸರಿನ ದೇವರು ಬಂದರೆ ಬಾಯಿ ಮುಚ್ಚಿಕೊಂಡು ತಾಳ ಮಾತ್ರ ಹಾಕುತ್ತಿದ್ದಳು. ಅದನ್ನು ನೋಡುತ್ತಲೇ ಬೆಳೆದ ನನಗೆ ಕೂಡ್ಲಿಗಿಯ ಕೋಣೆಯಲ್ಲಿ ಅದು ಹೊಳೆಯಲಿಲ್ಲ.

ಹುಟ್ಟುಗುಣ ಅಷ್ಟು ಬೇಗ ಹೋಗುವುದಿಲ್ಲ. ಬೇರೆಯವರ ಪದ ಕಲಿತು, ಗಂಡನ ಹೆಸರೆಂದು ಆ ಒಂದು ಮಾತನ್ನು ಬದಲಿಸಿಕೊಂಡಿರಲೂಬಹುದಲ್ಲ? ಪೂರ್ತಿ ಹಾಡಿ ಎಂದೆ. ಈ ಸಲ ಎಂಜಿನಿಯರನನ್ನು ಬದಿಗಿಟ್ಟು ಹಾರ್ಮೋನಿಯಂನವನಾಗಿ ಕೇಳಿದೆ. ಕೊನೆಯ ನುಡಿ ಹೀಗಿತ್ತು:

ಕಡಲಿ ಬಿತ್ತಿದ ಹೊಲಕ ಕಾವಲಿ ಯಾರವ್ವ
ಗುಡುಗು ಮಿಂಚಿಗಿ ಕೊಡಿ ಹಿಡದು ಗುಡ್ಡದ
ಒಡಿಯ ನಿಂತಾನ ನೆರಳಾಗಿ

ಕಡಲಿ, ಗುಡುಗು, ಒಡಿಯ. ಪ್ರತಿ ಸಾಲಿನ ಎರಡನೆಯ ಅಕ್ಷರ ಡಕಾರ. ಇದೇ ಪ್ರಾಸ, ಹಳೆಯ ಪದಗಳ ಕಟ್ಟು ನಿಲ್ಲುವುದೇ ಅದರ ಮೇಲೆ. ಐದು ನುಡಿಗಳಲ್ಲೂ ಎಲ್ಲಿಯೂ ತಪ್ಪಿರಲಿಲ್ಲ. 'ಒಡಿಯ' ತೆಗೆದು 'ಓಬಳೇಶ' ಇಟ್ಟರೆ ಮಾತ್ರ ಪ್ರಾಸ ಮುರಿಯುತ್ತದೆ. ಅಂದರೆ ಈ ಪದ ಹುಟ್ಟಿದ್ದೇ ಆ ಹೆಸರನ್ನು ಬಾಯಲ್ಲಿ ತರದ ಹೆಣ್ಣುಮಗಳಿಂದ. ಅಂಕಿತ ಅಳಿಸಿದವರು ಇರಲೇ ಇಲ್ಲ, ತುರುಕಿದವರಿದ್ದರು.

ಅಲ್ಲಿಂದ ನೇರ ಕೊಟ್ಟೂರಿಗೆ ಹೋದೆ. ಚನ್ನವೀರಪ್ಪನವರು ಅಂಗಡಿಯಲ್ಲಿ ಕುರ್ಚಿ ಹಾಕಿಸಿ, ಚಹಾ ತರಿಸಿ, ಏನೂ ಮುಚ್ಚಿಡದೆ ಹೇಳಿದರು.

"ಕೂಡ್ಲಿಗಿ ಹಾಸ್ಟೆಲ್‌ನಾಗ ಕೇಳಿದ್ದು ಸಾರ್. ವಾರ್ಷಿಕೋತ್ಸವಕ್ಕ ಹುಡುಗ್ರಿಗಿ ಹಾಡು ಕಲಿಸಾಕ ಹೋಗಿದ್ದೆ, ಅಡಿಗಿ ಮನ್ಯಾಗ ಯಾರೋ ಹಾಡ್ತಿದ್ರು. ಒಡಿಯ ಅಂದ್ರ ಯಾವ ಒಡಿಯ? ಕೇಳಿದವ್ರಿಗಿ ತಿಳೀಬೇಕಲ್ಲ. ಗುಡೇಕೋಟಿ ಕಡಿ ಪದ ಅಂದ್ರು, ಅಲ್ಲಿ ಗುಡ್ಡದ ದೇವ್ರು ಓಬಳೇಶ, ಅದಕ್ಕ ಹಂಗ ತಿದ್ದಿದೆ."

"ಹಾಡ್ತಿದ್ದವರು ಯಾರು ಅಂತ ಕೇಳಲಿಲ್ವಾ?"

"ಅಡಿಗಿ ಮಾಡಾಕಿನ್ನ ಏನಂತ ಕೇಳೋದು ಸಾರ್?"

ಬಾಯಿಗೆ ಬಂದ ಬೈಗುಳ ನುಂಗಿಕೊಂಡೆ. ಅವರು ಅಡುಗೆಯಾಕೆಯನ್ನು ಕೇಳಲಿಲ್ಲ, ನಾನು ಅಂಗಡಿಯವರನ್ನು ಕೇಳಲಿಲ್ಲ. ನನ್ನ ಅನುಮಾನ ಎಲ್ಲರ ಮೇಲೂ ಒಂದೇ ಸಮ ಎಂದು ಬೀಗುತ್ತಿದ್ದವನು ನಾನು. ಆ ಅನುಮಾನಕ್ಕೂ ಯಾರ ಮುಂದೆ ಜೋರು ಮಾಡಬೇಕೆಂಬುದು ಚೆನ್ನಾಗಿ ಗೊತ್ತಿತ್ತು.

ಚನ್ನವೀರಪ್ಪನವರಿಂದ ಹೇಳಿಕೆ ಬರೆಸಿಕೊಂಡು, ಪದ ತಿಪ್ಪಮ್ಮನದು, ಪರಿಶೀಲಕನ ತೀರ್ಮಾನ ತಪ್ಪು ಎಂಬ ಹೊಸ ದಾಖಲೆ ಸೇರಿಸಿದೆ. ಊರಿನ ಬಾಯಿಗೆ ಅದು ಸಾಲದೆಂದು ಗೊತ್ತಿತ್ತು. ಆಕೆಯ ಸ್ವಸಹಾಯ ಸಂಘದ ಸಭೆಗೆ ಹೋಗಿ, ಮೂವತ್ತು ಹೆಂಗಸರೆದುರು ನಿಂತು, ತಪ್ಪು ನನ್ನದು ಎಂದೆ.

ತಿಪ್ಪಮ್ಮ ನಗಲಿಲ್ಲ.

"ಸರ, ಈಗ ನಿಮ್ಮ ಪುಸ್ತಕದಾಗ ಎರಡೂ ಇರ್ತಾವೇನ್ರಿ? ಕಳ್ಳಿ ಅನ್ನೋದೂ, ಅಲ್ಲ ಅನ್ನೋದೂ?"

"ಹೌದಮ್ಮ."

"ನಾಳೆ ನನ್ನ ಮೊಮ್ಮಗಳು ತಗದು ನೋಡಿದ್ರ ಮೊದಲು ಯಾವುದು ಕಾಣ್ತೈತಿ?"

ಸುಳ್ಳು ಹೇಳುವ ಧೈರ್ಯವಾಗಲಿಲ್ಲ. ದಾಖಲೆ ದಿನಾಂಕದ ಸಾಲಿನಲ್ಲಿ, ಹಳೆಯದು ಮೊದಲಾಗಿ ತೆರೆಯುತ್ತದೆ. "ತಪ್ಪಾದದ್ದೇ" ಎಂದೆ.

ಆಕೆ ಹೇಳಿದರು: "ಹಂಗಾರ ಆಕಿ ಓದೋದು ಕಲಿಯೋದ್ರಾಗ ನಾನು ಪದ ಕಲಿಸಿಬಿಡ್ತೀನಿ."

ನಮ್ಮ ತಂತ್ರಾಂಶದಲ್ಲಿ ಈಗ ನಕಲು ಎಂಬ ಗುಂಡಿ ಇಲ್ಲ. ತಕರಾರು ಬಂದರೆ ಇಬ್ಬರ ಮನೆಗೂ ಹೋಗಿ, ಕೂತು, ಪೂರ್ತಿ ಕೇಳದೆ ನಾನು ಒಂದಕ್ಷರವನ್ನೂ ಬರೆಯುವುದಿಲ್ಲ. ಅನುಮಾನ ಬಿಟ್ಟಿದ್ದೇನೆಂದು ಹೇಳಿದರೆ ಸುಳ್ಳಾದೀತು. ಈ ಕೆಲಸಕ್ಕೆ ಅದು ಬೇಕು. ಆದರೆ ಅಳಿಸಲಾಗದ ಕಡೆ ಬರೆಯುವವನು ಎಲ್ಲರಿಗಿಂತ ಮೊದಲು ತನ್ನ ಮೇಲೆ ಅನುಮಾನಪಡಬೇಕು. ಅದನ್ನು ನಾನು ಕಲಿಯುವ ಹೊತ್ತಿಗೆ ಒಬ್ಬಾಕೆಯ ಹೆಸರಿನ ಮುಂದೆ 'ನಕಲು' ಎಂದು ಬರೆದಾಗಿತ್ತು. ಅದು ಇವತ್ತಿಗೂ ಅಲ್ಲೇ ಇದೆ, ಕೆಳಗೆ ನನ್ನ ಸಹಿ.