ಗಾದಿ ಚಾಚಿ ಬೀಡುಬಿಟ್ಟ ಚಳಿಗಾಲಗಳು

ಅವಳ ಕಣ್ಣರೆಪ್ಪೆಯ ಮೇಲೆ ಯಾವಾಗಲೂ ಹತ್ತಿಯ ಎಳೆ ಕೂತಿರುತ್ತಿತ್ತು. ಹುಬ್ಬಿನ ಮೇಲೆ, ಕಿವಿಯ ಅಂಚಿನಲ್ಲಿ, ತಲೆಯ ತುಂಬ ಹತ್ತಿ. ಬೆಳಿಗ್ಗೆ ಕೆಲಸಕ್ಕೆ ಕೂತವಳು ಮಧ್ಯಾಹ್ನದ ಹೊತ್ತಿಗೆ ಹಣ್ಣುಹಣ್ಣು ಮುದುಕಿ. ಸಂಜೆ ಹೊಳೆಗೆ ಹೋಗಿ ತಲೆ ತೊಳೆದುಕೊಂಡು ಬಂದರೆ ಕಪ್ಪು ಕೂದಲಿನ ಹೆಂಗಸು. ತುಂಗಭದ್ರೆಯಲ್ಲಿ ಮುಳುಗಿದರೆ ವಯಸ್ಸು ಇಳಿಯುತ್ತದೆ ಎಂದು ನಾನು ಬಹಳ ದಿನ ನಂಬಿದ್ದೆ. ನಮ್ಮ ಅಜ್ಜಿಯನ್ನೂ ಒಮ್ಮೆ ಮುಳುಗಿಸಿಕೊಂಡು ಬಾ ಎಂದು ಅವಳಿಗೆ ಹೇಳಿ, ಅಜ್ಜಿಯ ಕೈಯಲ್ಲಿ ಕಿವಿ ಹಿಂಡಿಸಿಕೊಂಡಿದ್ದೆ.

ನಮ್ಮ ಮನೆ ಹರಿಹರದಲ್ಲಿ ಹೊಳೆಗೆ ಹತ್ತಿರವಿತ್ತು. ಮನೆಯ ಹಿಂದೆ ಒಂದು ಬಯಲು, ಬಯಲಿನ ಅಂಚಿಗೆ ಎರಡು ಹುಣಸೆಮರ. ದೀಪಾವಳಿ ಕಳೆದು ಬೆಳಗಿನ ಮಂಜು ಬೀಳತೊಡಗಿದ ಮೇಲೆ ಆ ಮರದ ಕೆಳಗೆ ಅವರ ಕಮಾನು ಗಾಡಿ ಬಂದು ನಿಲ್ಲುತ್ತಿತ್ತು. ಗಂಡ ಹೆಂಡತಿ ಇಬ್ಬರೇ. ಜೊತೆಗೆ ಎರಡು ಎತ್ತು, ಗಾಡಿಯ ಹಿಂದೆ ಕಟ್ಟಿದ ಒಂದು ಆಡು, ಬುಟ್ಟಿಯೊಳಗೆ ಮುಚ್ಚಿಟ್ಟ ಕೋಳಿಗಳು. ಪಿಂಜಾರರು. ಅವನು ಬಿಲ್ಲಿನ ತಂತಿಗೆ ಮರದ ಕೊಡತಿಯಿಂದ ಹೊಡೆದು ಹತ್ತಿ ಹಿಂಜುತ್ತಿದ್ದ, ಇವಳು ಆ ಹತ್ತಿ ತುಂಬಿ ದಬ್ಬಳದಿಂದ ಗಾದಿ ಹೊಲಿಯುತ್ತಿದ್ದಳು. ಗಾಡಿಯ ಕಮಾನಿನಿಂದ ಎರಡು ಗೂಟದವರೆಗೆ ಗೋಣಿತಟ್ಟು ಎಳೆದು ಕಟ್ಟಿದರೆ ಅದೇ ಮನೆ. ಮೂರು ಕಲ್ಲು ಇಟ್ಟರೆ ಅಡುಗೆಮನೆ. ಹರಿಹರದ ಕೆಲಸ ತೀರಿದ ಮೇಲೆ ಉಕ್ಕಡಗಾತ್ರಿ, ಕುಕ್ಕುವಾಡ, ದಾವಣಗೆರೆ ಎಂದು ಊರೂರು ಸುತ್ತಿ ಬೇಸಿಗೆ ಮುಗಿಯುವ ಹೊತ್ತಿಗೆ ಹೊಳೆಯಾಚೆ ಅವನ ತಮ್ಮನ ಮನೆ ಸೇರುತ್ತಿದ್ದರು. ಮಳೆಗಾಲದಲ್ಲಿ ತೇವ ಹಿಡಿದ ಹತ್ತಿ ಬಿಲ್ಲಿಗೆ ಬಗ್ಗುವುದಿಲ್ಲ.

ಮುಸಲ್ಮಾನರ ಹೆಂಗಸೆಂದು ಅವಳನ್ನು ಬೀದಿಯವರೆಲ್ಲ ಗಾದಿ ಚಾಚಿ, ಅಂದರೆ ಗಾದಿ ಚಿಕ್ಕಮ್ಮ, ಎನ್ನುತ್ತಿದ್ದರು. ಪಾಪ, ಅವಳಿಗೆ ಉರ್ದು ಬರುತ್ತಿರಲಿಲ್ಲ. ಮನೆಯಲ್ಲಿ ಆಡುವುದೂ ಕನ್ನಡ, ಬಯ್ಯುವುದೂ ಕನ್ನಡ. “ಚಾಚಿ ಗೀಚಿ ನಮಗ್ಯಾಕ್ರಿ, ನಾವು ಅವ್ವ ಅಪ್ಪ ಅನ್ನೋ ಮಂದಿ” ಎಂದು ನಗುತ್ತಿದ್ದಳು. ಆ ನಗುವಿನ ಹಿಂದೆ ಏನಿತ್ತು ಎಂಬುದು ನಮ್ಮ ಮನೆಯವರಿಗೆಲ್ಲ ಗೊತ್ತಿತ್ತು.

ನಾನು ಹುಟ್ಟಿದ್ದು ಅಂಥದೊಂದು ಚಳಿಗಾಲದಲ್ಲಿ. ಹೆತ್ತ ನಾಲ್ಕೈದು ದಿನಕ್ಕೆ ನನ್ನ ತಾಯಿಗೆ ಜ್ವರ ಬಂತು. ಜ್ವರ ಏರಿ, ಮೈಮೇಲೆ ಎಚ್ಚರ ತಪ್ಪಿ, ಎದೆಯ ಹಾಲು ಬತ್ತಿಹೋಯಿತು. ಆಡಿನ ಹಾಲು ಕುಡಿಸಿದರೆ ನಾನು ಕಾರುತ್ತಿದ್ದೆನಂತೆ. ಇತ್ತ ಹಿಂದಿನ ಬಯಲಿನಲ್ಲಿ ಚಾಚಿ ಆಗಷ್ಟೇ ತನ್ನ ಎಳೆಗೂಸನ್ನು ಮಣ್ಣಿಗೆ ಕೊಟ್ಟಿದ್ದಳು. ಹೆಣ್ಣು ಮಗು, ಚಳಿಗೆ ಎದೆ ಕಟ್ಟಿ ಹೋಯಿತು. ತುಂಬಿದ ಎದೆಯನ್ನು ಬಟ್ಟೆಯಿಂದ ಬಿಗಿದು ಕಟ್ಟಿಕೊಂಡು ಗೋಣಿತಟ್ಟಿನ ಕೆಳಗೆ ಮಲಗಿದ್ದವಳಿಗೆ ಗೋಡೆಯಾಚೆಯಿಂದ ನನ್ನ ಅಳು ಕೇಳುತ್ತಿತ್ತು. ಎರಡು ದಿನ ಕೇಳಿದಳು. ಮೂರನೆಯ ದಿನ ಹಿಂಬಾಗಿಲಿಗೆ ಬಂದು ನಿಂತಳು.

“ಕೂಸಿನ್ನ ಕೊಡ್ರಿ, ಅಮ್ಮಾರೆ” ಎಂದಳಂತೆ ಅಜ್ಜಿಗೆ.

ಅಜ್ಜಿ ಹೊಸ್ತಿಲು ಬಿಟ್ಟು ಸರಿಯಲಿಲ್ಲ. ಅವಳ ಮಡಿ, ಅವಳ ಜಾತಿ, ಅವಳ ಓಣಿಯ ಹೆಂಗಸರು, ಎಲ್ಲವೂ ಆ ಬಾಗಿಲಲ್ಲಿ ಅಡ್ಡ ನಿಂತಿರಬೇಕು. ನನ್ನ ತಂದೆ ಹಗ್ಗದ ವ್ಯಾಪಾರಿ, ಮಾತು ಕಡಿಮೆ. ಅವರು ನನ್ನನ್ನು ಎತ್ತಿಕೊಂಡು ಬಂದು ಚಾಚಿಯ ಕೈಗೆ ಕೊಟ್ಟರು. “ಉಳಿಸ್ಕೊಡವ್ವ” ಎಂದರು. ಆ ವರ್ಷ ಗಾಡಿ ಕುಕ್ಕುವಾಡಕ್ಕೂ ಹೋಗಲಿಲ್ಲ, ದಾವಣಗೆರೆಗೂ ಹೋಗಲಿಲ್ಲ. ನನ್ನ ತಾಯಿ ಗೋಡೆ ಹಿಡಿದು ನಡೆಯುವಂತಾಗಿ, ನನಗೆ ರಾಗಿ ಅಂಬಲಿ ದಕ್ಕುವವರೆಗೆ ಅವರು ಹುಣಸೆಮರದ ಕೆಳಗೇ ಉಳಿದರು.

ಹೊರಡುವ ದಿನ ಅಜ್ಜಿ ಒಂದು ಚೀಲ ಜೋಳ, ಒಂದು ಸೀರೆ ತಂದಿಟ್ಟಳು. ಚಾಚಿ ಮುಟ್ಟಲಿಲ್ಲ.

“ಹಾಲಿಗೆ ಜೋಳ ತಗೊಂಡ್ರೆ ಮಾರಿದಂಗೆ ಆಗ್ತೈತ್ರಿ. ಅದು ಬ್ಯಾಡ. ಒಂದು ಕೇಳ್ತೀನಿ, ಕೊಡ್ರಿ. ಕೂಸು ಮಾತು ಕಲಿತ ಮ್ಯಾಲೆ ನನ್ನೂ ಅವ್ವ ಅಂತ ಕರೀಲಿ. ಅಷ್ಟ ಸಾಕು.”

ಒಳಕೋಣೆಯಿಂದ ನನ್ನ ತಾಯಿಯ ದನಿ ಬಂತಂತೆ: “ಅದೊಂದು ಬ್ಯಾಡ. ಬ್ಯಾರೆ ಏನು ಬೇಕಾದ್ರೂ ಕೇಳು.”

ನನ್ನ ತಾಯಿ ಕೆಟ್ಟವಳಲ್ಲ. ಹೆತ್ತ ಮಗುವಿಗೆ ಹಾಲೂಡಿಸಲಾಗದೆ, ಬೇರೊಬ್ಬಳ ಎದೆಯಲ್ಲಿ ಅದು ಸಮಾಧಾನಗೊಳ್ಳುವುದನ್ನು ಮಲಗಿದಲ್ಲಿಂದಲೇ ನೋಡಿದವಳು. ಅವಳ ಪಾಲಿಗೆ ಉಳಿದಿದ್ದು ಆ ಒಂದು ಮಾತು. ಅದನ್ನೂ ಹಂಚಿಕೊಳ್ಳಲು ಅವಳ ಕೈಲಾಗಲಿಲ್ಲ. ಆಗ ಅಜ್ಜಿ ನಡುವೆ ಬಾಯಿ ಹಾಕಿ, “ಚಾಚಿ ಅಂತ ಕರೀಲಿ ಬಿಡವ್ವ, ಅದೂ ತಾಯಿ ಸಮಾನನೇ” ಎಂದು ತೀರ್ಮಾನ ಕೊಟ್ಟಳು. ಸೊಪ್ಪು ಮಾರುವವಳನ್ನೂ “ಬಾರವ್ವ” ಎಂದು ಕರೆಯುವ ಊರು ನಮ್ಮದು. ಚಾಚಿಯನ್ನೂ ಓಣಿಯವರೆಲ್ಲ “ಎಷ್ಟವ್ವ ಈ ಗಾದಿಗೆ” ಎಂದೇ ಕೇಳುತ್ತಿದ್ದರು. ಕರೆಯಬಾರದೆಂದು ಕಟ್ಟಳೆ ಇದ್ದದ್ದು ನನಗೊಬ್ಬಳಿಗೆ.

ಪ್ರತಿವರ್ಷ ಗಾಡಿಯ ಎತ್ತಿನ ಕೊರಳ ಹಗ್ಗ ಬಿಚ್ಚುವ ಮೊದಲೇ ಅವಳು ಹಿಂಬಾಗಿಲಿಗೆ ಬರುತ್ತಿದ್ದಳು. “ಎಲ್ಲೈತ್ರಿ ನನ್ನ ಕೂಸು?” ನಾನು ಎಷ್ಟು ಬೆಳೆದಿದ್ದೇನೆಂದು ತನ್ನ ಮೊಳಕೈಯಿಂದ ಅಳೆದು, ಸೊರಗಿದ್ದೇನೆಂದು ಬೈದು, ಸೆರಗಿನಲ್ಲಿ ಕಟ್ಟಿ ತಂದ ಬೆಲ್ಲದ ಚೂರು ಬಾಯಿಗಿಡುತ್ತಿದ್ದಳು. ಅಲ್ಲಿಂದ ಮುಂದೆ ನನ್ನ ಹಗಲೆಲ್ಲ ಬೀಡಿನಲ್ಲಿ. ಅವಳ ಗಂಡ ಚಾಚಾನ ಬಿಲ್ಲಿನ ಸದ್ದಿಗೆ ಕುಣಿಯುವುದು, ಹಿಂಜಿದ ಹತ್ತಿಯ ಗುಡ್ಡೆಗೆ ಹಾರಿ ಬೈಸಿಕೊಳ್ಳುವುದು, ಅವಳು ಬಡಿದ ಜೋಳದ ರೊಟ್ಟಿಯನ್ನು ಶೇಂಗಾ ಚಟ್ನಿಯಲ್ಲಿ ಅದ್ದಿ ತಿನ್ನುವುದು. ಗಾದಿ ಹೊಲಿದು ಮುಗಿದ ಮೇಲೆ ಅವಳು ಅದರ ಮೇಲೆ ಕಣ್ಣು ಮುಚ್ಚಿ ಒಂದು ಗಳಿಗೆ ಮಲಗಿ ನೋಡುತ್ತಿದ್ದಳು. “ಮೊದ್ಲು ನನ್ನ ಬೆನ್ನು ಹೂಂ ಅನ್ಬೇಕು. ಆಮ್ಯಾಲೆ ಸಾವ್ಕಾರ್ರ ಬೆನ್ನು.” ತಾನು ಮಲಗುವುದು ಮಾತ್ರ ಗೋಣಿಯ ಮೇಲೆ. ಯಾಕೆ ಎಂದರೆ, “ಗಾದಿ ರೂಢಿ ಆದ್ರೆ ನಾಳೆ ಗಾಡಿ ಹತ್ತೋರು ಯಾರು?” ಎನ್ನುವಳು. ಚಳಿ ಜಾಸ್ತಿಯಾದ ಒಂದು ವರ್ಷ ಹಿತ್ತಲಿನ ಕೊಟ್ಟಿಗೆಯಲ್ಲಿ ಮಲಗಿ ಎಂದು ತಂದೆ ಎಷ್ಟು ಹೇಳಿದರೂ ಕೇಳಲಿಲ್ಲ. ಗೋಡೆ ನೋಡುತ್ತ ಮಲಗಿದರೆ ನಿದ್ದೆ ಹತ್ತುವುದಿಲ್ಲವಂತೆ.

ಸಂಜೆ ನಾನು ಮನೆಗೆ ಬಂದರೆ ತಾಯಿ ಬಚ್ಚಲಿಗೆ ಎಳೆದೊಯ್ದು ಮೈಗೆ ಅಂಟಿದ ಹತ್ತಿ ತೆಗೆಯುತ್ತಿದ್ದಳು. ಹತ್ತಿ ಹೋದ ಮೇಲೂ ಉಜ್ಜುತ್ತಿದ್ದಳು. ಚಾಚಿಯ ಬಗ್ಗೆ ಒಂದು ಕೆಟ್ಟ ಮಾತು ಆಡಿದವಳಲ್ಲ. ಆದರೆ ಅವಳನ್ನು ಒಳಗೆ ಬಾ ಎಂದವಳೂ ಅಲ್ಲ. ಹಿಂಬಾಗಿಲ ಕಟ್ಟೆಯ ಮೇಲೆ ಕೂರಿಸಿ, ಕಾಫಿ ಕೊಟ್ಟು, ಲೋಟವನ್ನು ತಾನೇ ತೊಳೆದಿಡುತ್ತಿದ್ದಳು.

ನನಗೆ ಆರೋ ಏಳೋ ವರ್ಷವಿದ್ದಾಗ ಬೀಡಿನ ಗೋಣಿಯ ಕೆಳಗಿಂದ ಚೇಳು ಬಂದು ನನ್ನ ಪಾದಕ್ಕೆ ಕುಟುಕಿತು. ನಾನು “ಅವ್ವಾ” ಎಂದು ಚೀರಿದೆ. ಚಾಚಿ ನನ್ನ ಪಕ್ಕದಲ್ಲೇ ಕೂತು ಗಾದಿಯ ಅಂಚು ಹೊಲಿಯುತ್ತಿದ್ದಳು. ದಬ್ಬಳ ಎಸೆದು ಎರಡೂ ಕೈ ಚಾಚಿದಳು. ಅಷ್ಟರಲ್ಲಿ ನನ್ನ ತಾಯಿ ಹಿಂಬಾಗಿಲಿನಿಂದ ಓಡಿಬರುತ್ತಿರುವುದು ಅವಳ ಕಣ್ಣಿಗೆ ಬಿತ್ತು. ಚಾಚಿದ ಕೈ ಅಲ್ಲೇ ನಿಂತಿತು. ನಾನು ನೋವಿಗೆ ಒದ್ದಾಡುತ್ತಿದ್ದೆ, ಅವಳ ಮುಖ ನನಗಿಂತ ಹೆಚ್ಚು ಒದ್ದಾಡುತ್ತಿತ್ತು. ಆದರೂ ಅವಳು ನನ್ನನ್ನು ಮುಟ್ಟಲಿಲ್ಲ. ತಾಯಿ ಬಂದು ನನ್ನನ್ನು ಬಾಚಿ ತೊಡೆಯ ಮೇಲೆ ಹಾಕಿಕೊಂಡ ಮೇಲೆಯೇ ಅವಳು ದಾರ ತಂದು ಕಾಲಿಗೆ ಬಿಗಿದಳು, ಈರುಳ್ಳಿ ಜಜ್ಜಿ ಹಚ್ಚಿದಳು.

ನೋವು ಇಳಿದು ನಾನು ತಣ್ಣಗಾದ ಮೇಲೆ ಚಾಚಿ ತಾನು ಎಸೆದ ದಬ್ಬಳವನ್ನು ಹುಡುಕಿ ತೆಗೆದುಕೊಂಡಳು. ಅದಕ್ಕೆ ದಾರ ಪೋಣಿಸುತ್ತ ಹೇಳಿದಳು.

“ಕರದದ್ದು ನಿಮ್ಮನ್ನೇ ಬಿಡ್ರಿ, ಅಕ್ಕಾರೆ.”

ನಾನು ಯಾರನ್ನು ಕರೆದೆ ಎಂಬುದು ಇಂದಿಗೂ ನನಗೆ ಗೊತ್ತಿಲ್ಲ. ಚೇಳು ಕುಟುಕಿದ ಮಗು ಯಾರನ್ನು ಎಂದು ಯೋಚಿಸಿ ಕರೆಯುತ್ತದೆಯೇ? ಕೂಗು ತನ್ನ ಪಾಲಿನದೂ ಇರಬಹುದಿತ್ತು ಎಂದು ಗೊತ್ತಿದ್ದೂ ಅವಳು ಅದನ್ನು ಬಿಟ್ಟುಕೊಟ್ಟಳು. ಆಮೇಲೆ ಮನೆಯಲ್ಲಿ ಸಣ್ಣದೊಂದು ಬದಲಾವಣೆಯಾಯಿತು. ತಾಯಿ ನನ್ನ ಮೈಯನ್ನು ಅಷ್ಟು ಗಟ್ಟಿಯಾಗಿ ಉಜ್ಜುವುದನ್ನು ಬಿಟ್ಟಳು.

ನನ್ನ ಮದುವೆಯಾಗುವ ಹೊತ್ತಿಗೆ ಅಜ್ಜಿ ತೀರಿಕೊಂಡಿದ್ದಳು. ನನ್ನನ್ನು ಕೊಟ್ಟದ್ದು ದಾವಣಗೆರೆಗೆ, ಕೆ.ಬಿ. ಬಡಾವಣೆಯ ಒಂದು ಮನೆಗೆ. ಅಲ್ಲಿ ಆಗಲೇ ಹತ್ತಿ ಹಿಂಜುವ ಯಂತ್ರಗಳು ಬಂದು, ಒಂದು ಗುಂಡಿ ಒತ್ತಿದರೆ ಚಾಚಾನ ಇಡೀ ದಿನದ ಕೆಲಸ ಕಾಫಿ ಕುಡಿಯುವುದರೊಳಗೆ ಮುಗಿಯುತ್ತಿತ್ತು. ಆದರೂ ಆ ಚಳಿಗಾಲ ಅವರು ಬಡಾವಣೆಯ ಆಚೆಯ ಬಯಲಿಗೆ ಬಂದಿಳಿದರು. ಸುದ್ದಿ ತಿಳಿದು ನಾನು ಹೋಳಿಗೆ ಕಟ್ಟಿಕೊಂಡು ಓಡಿದೆ. ಗಾಡಿಗೆ ಈಗ ಒಂದೇ ಎತ್ತು. ಆಡು ಇರಲಿಲ್ಲ. ಚಾಚಿ ತಲೆ ತೊಳೆದುಕೊಂಡು ಬಿಸಿಲಿಗೆ ಕೂತಿದ್ದಳು, ಹತ್ತಿಯ ಎಳೆ ಒಂದೂ ಇರಲಿಲ್ಲ, ಕೂದಲು ಬೆಳ್ಳಗೇ ಇತ್ತು. ಮಾತಾಡುವಾಗ ನಡುನಡುವೆ ಕೆಮ್ಮು. ಇಷ್ಟು ವರ್ಷ ಕುಡಿದ ಹತ್ತಿಯ ಧೂಳು ಅವಳ ಎದೆಯೊಳಗೆ ಗಾದಿ ಕಟ್ಟಿತ್ತು.

ಅವಳನ್ನು ನೋಡಿ ನನಗೆ ದುಃಖ ಉಕ್ಕಿಬಂತು. ನಾನೀಗ ಗಂಡನ ಮನೆಯ ಹೆಣ್ಣು, ನನ್ನನ್ನು ಬೈಯುವ ಅಜ್ಜಿಯಿಲ್ಲ, ತಾಯಿ ಹರಿಹರದಲ್ಲಿ. ಅವಳ ಮುಂದೆ ಕೂತು, “ಅವ್ವ” ಎಂದೆ.

ಅವಳು ತಟ್ಟನೆ ನನ್ನ ಬಾಯಿ ಮುಚ್ಚಿದಳು. ಕೈಯಲ್ಲಿ ಹಸಿ ಹತ್ತಿಯ ವಾಸನೆ.

“ಹಂಗನಬ್ಯಾಡ. ಅಕ್ಕಾರ ಕಿವಿಗೆ ಬಿದ್ರೆ ನೋಯ್ತಾರೆ.”

“ಹರಿಹರಕ್ಕೆ ಹೆಂಗೆ ಕೇಳ್ತೈತೆ?” ಎಂದು ನಗಲು ನೋಡಿದೆ.

“ತಾಯಿ ಕಿವಿಗೆ ಹರಿಹರ ಏನು ದೂರ?” ಎಂದಳು. ಆಮೇಲೆ ನನ್ನ ಬಾಯಿಯ ಮೇಲಿನ ಕೈಯನ್ನು ತೆಗೆದು, ಅದೇ ಕೈಯಿಂದ ನನ್ನ ಕೆನ್ನೆ ಸವರಿದಳು. “ಅಕಿ ಹೂಂ ಅಂದ್ರೆ ಕರಿ. ಇಲ್ಲಾಂದ್ರೆ ನನಗ ಕದ್ದಂಗೆ ಆಗ್ತೈತೆ. ಬ್ಯಾಡ.”

ಬೇಕೆಂದು ಕಾದಿದ್ದ ಮಾತು ತಾನಾಗಿ ಬಾಗಿಲಿಗೆ ಬಂದಾಗ, ಕೊಡಬೇಕಾದವಳು ಕೊಟ್ಟಿಲ್ಲ ಎಂದು ಹಿಂದಕ್ಕೆ ಕಳಿಸಿದಳು. ನಾನು ಹೋಳಿಗೆ ತಿನ್ನಿಸಿ ಅಳುತ್ತಲೇ ಮನೆಗೆ ಬಂದೆ. ಅವಳನ್ನು ನಾನು ಕಂಡದ್ದು ಅದೇ ಕೊನೆ.

ಮರುವರ್ಷ ಚೊಚ್ಚಲ ಬಸುರಿಯಾಗಿ ಹೆರಿಗೆಗೆ ತವರಿಗೆ ಬಂದಿದ್ದೆ. ದೀಪಾವಳಿ ಕಳೆಯಿತು. ಮಂಜು ಬೀಳತೊಡಗಿತು. ದಿನವೂ ಎದ್ದು ಹಿಂಬಾಗಿಲು ತೆರೆದು ಹುಣಸೆಮರದ ಕೆಳಗೆ ನೋಡುತ್ತಿದ್ದೆ. ನಾನೊಬ್ಬಳೇ ನೋಡುತ್ತಿದ್ದೆ ಎಂದುಕೊಂಡಿದ್ದೆ. “ಇನ್ನೂ ಬರಲಿಲ್ಲಲ್ಲ, ಯಾಕೋ” ಎಂದು ಒಂದು ಬೆಳಿಗ್ಗೆ ಬೆನ್ನ ಹಿಂದಿನಿಂದ ತಾಯಿ ಹೇಳಿದಾಗ ತಿರುಗಿ ನೋಡಿದೆ. ಅವಳು ಒಲೆಯ ಕಡೆ ಹೊರಟುಹೋದಳು.

ಕೊನೆಗೆ ಚಾಚಾ ಒಬ್ಬನೇ ಬಂದ. ಗಾಡಿಯಿರಲಿಲ್ಲ, ನಡೆದುಕೊಂಡು ಬಂದಿದ್ದ. ಪಕ್ಕದ ಮನೆಯ ಹೆಂಗಸು ಹಿತ್ತಲಲ್ಲಿ ನಮ್ಮ ತಾಯಿಯ ಜೊತೆ ಮಾತಾಡುತ್ತ ನಿಂತಿದ್ದಳು. ನಾನು ಅಡುಗೆಮನೆಯೊಳಗಿದ್ದೆ. ಅವನ ಮಾತು ಪೂರ್ತಿ ಕೇಳಿಸಲಿಲ್ಲ. ಈ ಸಲ ಮೊದಲು ಉಕ್ಕಡಗಾತ್ರಿಯ ಹತ್ತಿರ ಬೀಡು ಬಿಟ್ಟಿದ್ದರಂತೆ, ಅಲ್ಲಿ ಕೆಮ್ಮು ಜಾಸ್ತಿಯಾಯಿತಂತೆ. “ಹರಿಹರಕ್ಕ ನಡಿ, ಕೂಸು ಬಸುರಿ ಅದಾಳಂತೆ, ನೋಡ್ಬೇಕು ಅಂತಿದ್ಲುರಿ, ಅಕ್ಕಾರೆ. ಗಾಡಿ ಹೂಡಿದ್ದೆ. ಹತ್ತಲಿಲ್ಲ.” ಆಮೇಲೆ ಆ ಗಂಡಸು ಕಟ್ಟೆಯ ಮೇಲೆ ಕುಸಿದು ಅತ್ತದ್ದು ಕೇಳಿಸಿತು. ನನ್ನ ಕೈಯಲ್ಲಿದ್ದ ಮೊರ ಹಾಗೇ ಉಳಿಯಿತು.

ಪಕ್ಕದ ಮನೆಯವಳು ದನಿ ತಗ್ಗಿಸಿದಳು. “ಬಸುರಿಗೆ ಹೇಳಬ್ಯಾಡ್ರಿ. ಯಾರೋ ಗಾದಿ ಹೊಲಿಯಾಕಿ. ಅವಳ್ಯಾಕ ಮನಸ್ಸಿಗೆ ಹಚ್ಕೋಬೇಕು?”

ನಮ್ಮಲ್ಲಿ ಸ್ವಂತದವರ ಸಾವಿನ ಸುದ್ದಿ ಬಂದರೆ ಮಾತ್ರ ತಲೆಗೆ ನೀರು ಹಾಕಿಕೊಳ್ಳುತ್ತಾರೆ. ಊರಿನವರ ಸಾವಿಗೆ ಅಯ್ಯೋ ಪಾಪ ಎಂದರೆ ಮುಗಿಯಿತು. ತುಂಬು ಬಸುರಿಗಂತೂ ಇಂಥ ಸುದ್ದಿಯನ್ನೇ ಮುಟ್ಟಿಸುವುದಿಲ್ಲ. ತಾಯಿ ಆ ಹೆಂಗಸಿನ ಕಡೆ ಬೆನ್ನು ಮಾಡಿದಳು. ಚಾಚಾನ ತೋಳು ಹಿಡಿದು ಎಬ್ಬಿಸಿ, ಹಿಂಬಾಗಿಲಿನಿಂದ ಒಳಗೆ ಕರೆದು, ಪಡಸಾಲೆಯಲ್ಲಿ ಚಾಪೆ ಹಾಸಿ ಕೂರಿಸಿದಳು. ಬಚ್ಚಲಿಗೆ ಹೋಗಿ ಹಂಡೆಯ ಒಲೆಗೆ ಉರಿ ಹಾಕಿದಳು. ನೀರು ಬೆಚ್ಚಗಾಗುವವರೆಗೆ ಅಲ್ಲೇ ಕೂತಿದ್ದಳು. ಆಮೇಲೆ ಅಡುಗೆಮನೆಗೆ ಬಂದು ನನ್ನ ಕೈಯಿಂದ ಮೊರ ತೆಗೆದಿಟ್ಟಳು.

“ಏಳವ್ವ, ತಲಿಗೆ ನೀರು ಹಾಕ್ಕೋ. ನಿಮ್ಮವ್ವ ಸತ್ತಾಳೆ.”

ನನ್ನನ್ನು ಮಣೆಯ ಮೇಲೆ ಕೂರಿಸಿ ತಂಬಿಗೆಯಿಂದ ನೀರು ಹಾಕಿದಳು. ನಾನು “ಅವ್ವಾ” ಎಂದು ಬಾಯಿ ಬಿಟ್ಟು ಅತ್ತೆ. ಅವಳು ತಡೆಯಲಿಲ್ಲ. ನನ್ನ ತಲೆ ಒರೆಸಿ ಕಳಿಸಿ, ಹಂಡೆಯಲ್ಲಿ ಉಳಿದಿದ್ದ ನೀರನ್ನು ತನ್ನ ತಲೆಯ ಮೇಲೂ ಹಾಕಿಕೊಂಡಳು.