ಹನ್ನೊಂದನೆಯ ಸೀಟು

ನನ್ನ ಗಂಡ ಮೋಟಾರ್ ಸೈಕಲ್ಲಿನ ಸೀಟು ಮಾಡುತ್ತಾರೆ. ಬರೀ ಸೀಟು. ಎಂಜಿನ್ ಕೆಟ್ಟರೆ ಅವರಿಗೆ ಸಂಬಂಧವಿಲ್ಲ, ಬ್ರೇಕ್ ಹಿಡಿಯದಿದ್ದರೆ ಎದುರಿನ ಅಂಗಡಿಗೆ ಹೋಗಿ ಅನ್ನುತ್ತಾರೆ. ಕೂತವನ ಬೆನ್ನು ನೋಯುತ್ತದೆ ಅಂದರೆ ಮಾತ್ರ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ಬರುತ್ತಾರೆ. ದೂರದೂರ ಸುತ್ತುವ ಹುಚ್ಚಿನವರೆಲ್ಲ ಅವರ ಗಿರಾಕಿಗಳು, ಅದರಲ್ಲೂ ಕ್ರೂಸರ್ ಅನ್ನುವ ತಗ್ಗು ಸೀಟಿನ ಉದ್ದನೆಯ ಬೈಕು ಇಟ್ಟುಕೊಂಡವರು. ಆ ಗಾಡಿ ನೋಡಲು ಗಂಭೀರ, ಕೂರಲು ಶಿಕ್ಷೆ. ಕಾಲು ಮುಂದಕ್ಕೆ ಚಾಚಿ ಕೂರಬೇಕಾದ್ದರಿಂದ ಮೈಭಾರವೆಲ್ಲ ಬೆನ್ನುಮೂಳೆಯ ಬುಡಕ್ಕೇ ಬೀಳುತ್ತದೆ. ಮೂರು ಗಂಟೆ ಓಡಿಸಿದವನು ಇಳಿದ ಮೇಲೂ ಬಗ್ಗಿಕೊಂಡೇ ನಡೆಯುತ್ತಾನೆ. ಇದೆಲ್ಲ ನನಗೆ ಬಾಯಿಪಾಠ. ನಮ್ಮ ಮನೆಯಲ್ಲಿ ಹತ್ತೊಂಬತ್ತು ವರ್ಷದಿಂದ ಬೇರೆ ಮಾತೇ ಇಲ್ಲ.

ಅವರ ಕೆಲಸದ ರೀತಿಯೇ ಬೇರೆ. ಕಪ್ಪು ಪ್ಯಾಂಟು ಹಾಕಿಕೊಂಡು ಬನ್ನಿ ಅಂತ ಗಿರಾಕಿಗೆ ಮೊದಲೇ ಹೇಳಿರುತ್ತಾರೆ. ಹಳೇ ಸೀಟಿನ ಮೇಲೆ ತೆಳ್ಳಗೆ ಸೀಮೆಸುಣ್ಣದ ಪುಡಿ ಉದುರಿಸಿ, ಅದರ ಮೇಲೆ ಅರ್ಧ ಗಂಟೆ ಕೂರಿಸುತ್ತಾರೆ. ಆಮೇಲೆ ಎಬ್ಬಿಸಿ, ಹಿಂದಕ್ಕೆ ತಿರುಗಿಸಿ, ಎಲ್ಲಿ ಬೆಳ್ಳಗಾಗಿದೆ ಅಂತ ನೋಡುತ್ತಾರೆ. ಬೆಳ್ಳಗಾದ ಕಡೆ ಭಾರ ಬೀಳುತ್ತಿದೆ, ಅಲ್ಲಿ ಫೋಮ್ ಕೊರೆಯಬೇಕು. ದೊಡ್ಡ ದೊಡ್ಡ ಆಫೀಸರುಗಳು ಹಿಂಭಾಗಕ್ಕೆ ಸುಣ್ಣ ಬಳಿದುಕೊಂಡು, ಬೀದಿಗೆ ಬೆನ್ನು ಹಾಕಿ, ಇವರ ಮುಂದೆ ಗಪ್‌ಚಿಪ್ಪಾಗಿ ನಿಂತಿರುವುದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಸೀಟು ಹೊಲಿದು ಮುಗಿಸಿದ ಮೇಲೆ ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ, ತಾವೇ ಹತ್ತಿ, ಗೋಡೆಗೆ ಮುಖ ಮಾಡಿಕೊಂಡು ಅರ್ಧ ಗಂಟೆ ಕೂರುತ್ತಾರೆ. ಪಕ್ಕದ ಅಂಗಡಿಯ ವೆಲ್ಡರನನ್ನು ಎಲ್ಲರೂ ಕಿಡಿ ಅಂತಲೇ ಕರೆಯುವುದು. ಅವನು ದಿನಾ ಇಣುಕಿ, ಅಣ್ಣಾ, ಸವಾರಿ ಎಲ್ಲೀವರೆಗೆ ಬಂತು ಅಂತ ಕೇಳುತ್ತಾನೆ. ಗೋಡೆವರೆಗೆ ಅನ್ನುತ್ತಾರೆ ಇವರು. ಗಿರಾಕಿಗಳು ಹಿಮದ ಬೆಟ್ಟದಿಂದ, ಮರಳುಗಾಡಿನಿಂದ, ಎಲ್ಲೆಲ್ಲಿಂದಲೋ ಗಾಡಿಯ ಮುಂದೆ ನಿಂತ ಫೋಟೋ ಕಳಿಸುತ್ತಾರೆ. ಇವರು ಬೆಟ್ಟ ನೋಡುವುದಿಲ್ಲ. ರೆಗ್ಜಿನ್ ಎಲ್ಲಿ ಸುಕ್ಕಾಗಿದೆ ಅಂತ ನೋಡುತ್ತಾರೆ.

ಈ ಹುಚ್ಚು ಹತ್ತಿದ್ದು ನನ್ನಿಂದ. ಮದುವೆಯಾದ ಹೊಸತರಲ್ಲಿ ಅವರು ಸೋಫಾ ರಿಪೇರಿ ಅಂಗಡಿಯಲ್ಲಿ ಹೊಲಿಗೆ ಕೆಲಸಕ್ಕಿದ್ದರು. ನನ್ನ ಅಕ್ಕನ ಮನೆ ಸಮುದ್ರದ ಊರಿನಲ್ಲಿ, ಬೈಕಿನಲ್ಲಿ ಎರಡು ದಿನದ ದಾರಿ. ನಾನೇ ಕರೆದುಕೊಂಡು ಹೋಗುತ್ತೇನೆ ಅಂತ ಹೊರಡಿಸಿದರು. ಹಿಂದಿನ ಸೀಟು ಕಲ್ಲಿನ ಹಾಗಿತ್ತು. ನಾನು ಕೂತಲ್ಲಿ ಕೂರಲಾರದೆ ಆ ಕಡೆ ಈ ಕಡೆ ಸರಿಯುತ್ತಿದ್ದೆ. ಸರಿದಾಗಲೆಲ್ಲ ಅವರು ಕತ್ತು ಹಿಂದಕ್ಕೆ ತಿರುಗಿಸಿ, "ಆರಾಮಾಗಿದ್ಯಾ?" ಅಂತ ಕೇಳುತ್ತಿದ್ದರು. ಮಧ್ಯಾಹ್ನ ಒಂದು ತಿರುವಿನಲ್ಲಿ ಹಾಗೇ ತಿರುಗಿ ಕೇಳಿದಾಗ ರಸ್ತೆ ಒಂದು ಕಡೆ ಹೋಯಿತು, ನಾವೊಂದು ಕಡೆ ಹೋದೆವು. ತಾನೊಂದು ಬಗೆದರೆ ದೈವವೊಂದು ಬಗೆಯಿತು ಅನ್ನುತ್ತಾರಲ್ಲ, ಹಾಗೆ. ಅವರಿಗೆ ಮೊಣಕೈ ತರಚಿತು. ನನಗೆ ಬೆನ್ನು.

ಆರು ತಿಂಗಳು ಹಾಸಿಗೆಯಲ್ಲಿದ್ದೆ. ತಲೆ ತೊಳೆದವರು, ಜಡೆ ಹಾಕಿದವರು, ಹೇಳಿಕೊಳ್ಳಬಾರದ್ದನ್ನೆಲ್ಲ ಎತ್ತಿ ಹಾಕಿದವರು ಅವರೇ. ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಆದರೆ ಆ ಆರು ತಿಂಗಳಲ್ಲಿ ಅವರೊಂದು ತೀರ್ಮಾನಕ್ಕೆ ಬಂದರು. ತಪ್ಪು ಸೀಟಿನದು. ಸೀಟು ಸರಿಯಿದ್ದಿದ್ದರೆ ನಾನು ಅಲುಗಾಡುತ್ತಿರಲಿಲ್ಲ, ನಾನು ಅಲುಗಾಡದಿದ್ದರೆ ಅವರು ತಿರುಗುತ್ತಿರಲಿಲ್ಲ. ಸೋಫಾ ಬಿಟ್ಟು ಸೀಟಿಗೆ ಬಂದರು. ಒಳ್ಳೇ ಸೀಟು ಮಾಡಿ, ನನ್ನನ್ನು ಹಿಂದೆ ಕೂರಿಸಿಕೊಂಡು, ಅದೇ ದಾರಿಯಲ್ಲಿ, ಅದೇ ತಿರುವು ದಾಟಿ ಅಕ್ಕನ ಮನೆ ಮುಟ್ಟಿಸಬೇಕು. ಅವರಿಗಿದ್ದದ್ದು ಅದೊಂದೇ ಆಸೆ. ನಾನು ಎರಡು ಸಲ ರೈಲಿನಲ್ಲಿ ಮಲಗಿಕೊಂಡೇ ಹೋಗಿ ಬಂದೆ. ಅವರ ಲೆಕ್ಕದಲ್ಲಿ ಅದು ಹೋದ ಹಾಗಲ್ಲ.

ಎಂಟು ವರ್ಷದ ಹಿಂದೆ ಒಂದು ಹಳೇ ಕ್ರೂಸರ್ ತಂದರು. ಹ್ಯಾಂಡಲ್ಲನ್ನು ಎತ್ತರಿಸಿ ಹಿಂದಕ್ಕೆ ಎಳೆಸಿದರು, ಗಾಳಿ ತಡೆಯಲು ಮುಂದೆ ಗಾಜು ಹಾಕಿದರು, ಅಕ್ಕಪಕ್ಕ ಎರಡು ಪೆಟ್ಟಿಗೆ. ನನ್ನ ಪಾದ ಇಡಲು ಕಿಡಿಯ ಕೈಯಲ್ಲಿ ಅಗಲವಾದ ಹಲಗೆ ಮಾಡಿಸಿ, ನಡುಗಬಾರದು ಅಂತ ರಬ್ಬರ್ ಕೂರಿಸಿದರು. ನನ್ನ ಬೆನ್ನಿಗೆ ಒರಗುವ ದಿಂಬು. ಆಮೇಲೆ ಸೀಟು. ಇದರಲ್ಲಿ ನಿನಗೆ ನೋಯಲ್ಲ ನೋಡು ಅಂತ ಮಗುವಿನ ಹಾಗೆ ನಕ್ಕರು.

ಈಗ ನನ್ನ ವಿಷಯ ಹೇಳಬೇಕು. ಅವರು ಆ ಗಾಡಿ ತರುವ ಹೊತ್ತಿಗೆ ನನ್ನ ಬೆನ್ನು ನೋವು ಹೋಗಿ ಒಂದು ವರ್ಷವಾಗಿತ್ತು. ಒಂದು ಬೆಳಿಗ್ಗೆ ತುಂಬಿದ ಬಕೆಟ್ ಎತ್ತಿ ಮೆಟ್ಟಿಲು ಹತ್ತಿದ ಮೇಲೆ, ಅರೆ, ನೋಯಲಿಲ್ಲವಲ್ಲ ಅನ್ನಿಸಿತು. ಆಮೇಲೆ ನೋಯಲೇ ಇಲ್ಲ. ಹೇಳಬೇಕು ಹೇಳಬೇಕು ಅಂದುಕೊಂಡೇ ಇದ್ದೆ. ಅಷ್ಟರಲ್ಲಿ ಗಾಡಿ ಬಂದು ಬಾಗಿಲಲ್ಲಿ ನಿಂತಿತು. ಇವರ ಹಿಂದೆ ಕೂರುವುದಾ? ಸತ್ತರೂ ಇಲ್ಲ. ಆದರೆ ಆರು ತಿಂಗಳು ತಲೆ ತೊಳೆದ ಮನುಷ್ಯನಿಗೆ, ನಿಮ್ಮ ಹಿಂದೆ ಕೂರಲು ನನಗೆ ಭಯ ಅಂತ ಯಾವ ಬಾಯಲ್ಲಿ ಹೇಳಲಿ? ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು. ನೋಡೋಣ, ಈ ಬೆನ್ನು ಬಿಡಬೇಕಲ್ಲ ಅಂದೆ.

ಅಲ್ಲಿಂದ ಶುರುವಾಯಿತು ನನ್ನ ಜೈಲು. ಬಾಯಲ್ಲಿ ಬಿಸಿ ತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ಅವರು ಮನೆಯಲ್ಲಿದ್ದಾಗ ಬಕೆಟ್ ಮುಟ್ಟುವಂತಿಲ್ಲ. ಏಳುವಾಗ ಅಮ್ಮಾ ಅನ್ನಬೇಕು. ಅವರು ಅಂಗಡಿಗೆ ಹೋದ ಮೇಲೆ ಮಂಚ ಎಳೆದು ಕೆಳಗೆಲ್ಲ ಗುಡಿಸಿ, ಅವರು ಬರುವ ಹೊತ್ತಿಗೆ ಗೋಡೆಗೆ ಒರಗಿ ಕೂರುತ್ತಿದ್ದೆ. ಒಂದು ಸೀಟಾದ ಮೇಲೆ ಇನ್ನೊಂದು ಸೀಟು ಮಾಡಿದರು. ಪ್ರತಿ ಸಲ ನಾನು ಸ್ಟ್ಯಾಂಡಿಗೆ ಹಾಕಿದ ಗಾಡಿ ಹತ್ತಿ ಹದಿನೈದು ನಿಮಿಷ ಕೂತು, ಇಲ್ಲಿ ಚುಚ್ಚುತ್ತದೆ ಅನ್ನುತ್ತಿದ್ದೆ. ಒಂದು ಸಲ ಎಡಗಡೆ, ಒಂದು ಸಲ ಬಲಗಡೆ. ಅವರು ಪುಡಿಯ ಗುರುತು ನೋಡಿ ತಲೆ ಕೆರೆದುಕೊಳ್ಳುತ್ತಿದ್ದರು. ಊರವರ ಬೆನ್ನೆಲ್ಲ ಅವರ ಮಾತು ಕೇಳುತ್ತದೆ, ನನ್ನದೊಂದು ಕೇಳುವುದಿಲ್ಲ ಅಂತ ಕಿಡಿಯ ಹತ್ತಿರ ಹೇಳಿಕೊಂಡರಂತೆ. ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಆದರೂ ಬಾಯಿ ಬಿಡಲಿಲ್ಲ.

ಹತ್ತು ಸೀಟು ಹೀಗೇ ಬಿಚ್ಚಿದರು. ಹನ್ನೊಂದನೆಯದು ಮುಗಿದದ್ದು ಹೋದ ತಿಂಗಳು. ಮಧ್ಯಾಹ್ನ ಊಟವಾದ ಮೇಲೆ ಅಂಗಡಿಗೆ ಕರೆದರು. ಹತ್ತಿ ಕೂತೆ, ದಿಂಬಿಗೆ ಒರಗಿದೆ. ಅವರು ಎದುರಿಗೆ ಸ್ಟೂಲಿನ ಮೇಲೆ ಕೂತು ಗಡಿಯಾರ ನೋಡುತ್ತಿದ್ದರು. ಮುಂದಿನದು ಹೇಳಲು ನಾಚಿಕೆಯಾಗುತ್ತದೆ. ನಾನು ನಿದ್ದೆ ಹೋಗಿಬಿಟ್ಟೆ. ಕಣ್ಣು ಬಿಟ್ಟಾಗ ಒಂದೂಕಾಲು ಗಂಟೆಯಾಗಿತ್ತು. ಅವರು ಅದೇ ಸ್ಟೂಲಿನ ಮೇಲೆ ಅಲ್ಲಾಡದೆ ಕೂತಿದ್ದರು, ಕಣ್ಣು ಒದ್ದೆ. ಕಿಡಿ ಬಾಗಿಲಲ್ಲಿ ನಿಂತು, ಅತ್ತಿಗೆ ಗೊರಕೆ ಹೊಡೆದರು, ಸೀಟು ಪಾಸು ಅಂದ.

ಇನ್ನು ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಬೀದಿಯ ಕೊನೆವರೆಗೆ ಹೋಗಿ ಬರೋಣ ಅಂದರು. ಗಾಡಿ ಹೊರಟಿತು. ನಿಜ ಹೇಳಬೇಕೆಂದರೆ ಹಾಸಿಗೆಯ ಮೇಲೆ ಕೂತ ಹಾಗಿತ್ತು, ಗುಂಡಿ ಬಂದರೂ ತಿಳಿಯಲಿಲ್ಲ. ನಾನೇ ಸುಮ್ಮನೆ ಹೆದರಿದ್ದೆನಾ ಅಂತ ಅನ್ನಿಸತೊಡಗಿತ್ತು. ಬೀದಿಯ ಕೊನೆಯ ತಿರುವು ಬಂತು. ಅವರು ಕತ್ತು ಪೂರ್ತಿ ಹಿಂದಕ್ಕೆ ತಿರುಗಿಸಿದರು.

"ಆರಾಮಾಗಿದ್ಯಾ?"

ನಿಲ್ಲಿಸಿ ಅಂತ ಕಿರುಚಿದೆ. ಇಳಿದು, ತಿರುಗಿ ನೋಡದೆ ಅಂಗಡಿವರೆಗೆ ನಡೆದು ಬಂದೆ. ಅವರು ಹಿಂದೆಯೇ ಗಾಡಿ ತಳ್ಳಿಕೊಂಡು ಬಂದರು. ಸೀಟು ಕಳಚಿ ಮೇಜಿನ ಮೇಲಿಟ್ಟು, ಇನ್ನು ಅರ್ಧ ಇಂಚು ತೆಗೆದರೆ ಸರಿಹೋಗುತ್ತದೆ ಅಂತ ತಮ್ಮಷ್ಟಕ್ಕೆ ಅಂದುಕೊಂಡು ಹೊಲಿಗೆ ಬಿಚ್ಚಲು ಕತ್ತರಿ ತೆಗೆದುಕೊಂಡರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನನ್ನ ಕೈಯಲ್ಲಿ ತಡೆದುಕೊಳ್ಳಲು ಆಗಲಿಲ್ಲ.

"ಕತ್ತರಿ ಕೆಳಗಿಡಿ. ಸೀಟು ಚೆನ್ನಾಗಿದೆ. ನಂಗೆ ಬೆನ್ನು ನೋಯ್ತಿಲ್ಲ ರೀ. ಒಂಬತ್ತು ವರ್ಷದಿಂದ ನೋಯ್ತಿಲ್ಲ."

"ಮತ್ತೆ?"

"ನೀವು ತಿರುಗಿ ನೋಡ್ತೀರಿ. ನಿಮ್ಮ ಹಿಂದೆ ಕೂರೋಕೆ ನಂಗೆ ಭಯ."

ಅವರು ಕತ್ತರಿಯನ್ನು ಅದರ ಮೊಳೆಗೆ ನೇತುಹಾಕಿದರು. ಸೀಟಿನ ಮೇಲಿನ ದೂಳು ಒರೆಸಿದರು. ಬೈದಿದ್ದರೆ ಚೆನ್ನಾಗಿತ್ತು, ನಾನೂ ಎರಡು ಮಾತು ಅಂದು ಹಗುರಾಗುತ್ತಿದ್ದೆ. ಒಂದೇ ಒಂದು ಮಾತು ಕೇಳಿದರು.

"ಮೊದಲನೇ ಸೀಟೂ ಚೆನ್ನಾಗೇ ಇತ್ತಾ?"

ಇತ್ತು ಅಂದೆ.

ಮೂರು ದಿನ ಮನೆಯಲ್ಲಿ ಸೀಟಿನ ಮಾತೇ ಬರಲಿಲ್ಲ. ಅವರೆದುರಿಗೇ ತುಂಬಿದ ಬಕೆಟ್ ಎತ್ತಿದೆ. ನೋಡಿದರು, ದಾರಿ ಬಿಟ್ಟರು. ನಾಲ್ಕನೆಯ ದಿನ ಸಂಜೆ ಹನ್ನೊಂದನೆಯ ಸೀಟನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದರು. ಕಿಡಿಯ ಕೈಯಲ್ಲಿ ಅದಕ್ಕೆ ನಾಲ್ಕು ಕಬ್ಬಿಣದ ಕಾಲು ಬೆಸುಗೆ ಹಾಕಿಸಿದ್ದರು, ಅಡುಗೆಮನೆಯ ಕಟ್ಟೆಯ ಎತ್ತರಕ್ಕೆ ಸರಿಯಾಗಿ. ಒರಗುವ ದಿಂಬೂ ಇತ್ತು. ಕಿಟಕಿಯ ಪಕ್ಕ ಇಟ್ಟು, ಅಲ್ಲಾಡುತ್ತದಾ ಅಂತ ಕೈಯಿಂದ ಒತ್ತಿ ನೋಡಿದರು.

"ಕೂತ್ಕೋ. ಇದು ಎಲ್ಲಿಗೂ ಹೋಗಲ್ಲ," ಅಂದರು.

ಕೂತೆ. ಅವರು ನನಗೆ ಬೆನ್ನು ಮಾಡಿ ನಲ್ಲಿಯ ಹತ್ತಿರ ನಿಂತು ಲೋಟ ತೊಳೆಯತೊಡಗಿದರು. ನಾನು ಸ್ವಲ್ಪ ಸರಿದೆ, ಕಬ್ಬಿಣದ ಕಾಲು ನೆಲಕ್ಕೆ ಉಜ್ಜಿ ಸದ್ದಾಯಿತು. ಅವರ ಕತ್ತು ತಿರುಗಲು ಹೊರಟದ್ದು ನನಗೆ ಕಂಡಿತು, ಅರ್ಧಕ್ಕೇ ನಿಂತದ್ದೂ ಕಂಡಿತು. ಗೋಡೆ ನೋಡಿಕೊಂಡೇ, ಆರಾಮಾಗಿದ್ಯಾ ಅಂತ ಕೇಳಿದರು. ಒಂದು ಸಲ ಈ ಕಡೆ ತಿರುಗಿ ನೋಡಿ ಅನ್ನಬೇಕೆನ್ನಿಸಿತು. ಹ್ಞೂಂ ಅಂದೆ. ಅವರು ಇನ್ನೊಂದು ಲೋಟ ತೆಗೆದುಕೊಂಡರು.